ಪತಿಯ ಮೌನವೂ ಕುಟುಂಬದ ಕ್ಷೇಮವೂ

ಕುಟುಂಬ ಕಲ್ಯಾಣವನ್ನು ಕುರಿತ ಪುಸ್ತಿಕೆಗಳಲ್ಲಿ ಗರ್ಭಿಣಿಯ ಆಹಾರ, ಬಾಣಂತಿಯ ಆರೈಕೆ, ಮಗುವಿನ ಲಸಿಕೆ, ಹೆರಿಗೆಗಳ ನಡುವಣ ಅಂತರ ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಅವೆಲ್ಲವೂ ಅವಶ್ಯವೇ. ಆದರೆ ಅವುಗಳ ಬುಡದಲ್ಲಿರುವ, ಯಾವ ಔಷಧಿಯ ಪಟ್ಟಿಯಲ್ಲಿಯೂ ಕಾಣದ ಒಂದು ಸಂಗತಿಯನ್ನು ಈ ಪಾಠಕ್ಕೆ ಆರಿಸಿಕೊಂಡಿದ್ದೇನೆ. ಅದು ಮನೆಯ ಗಂಡಸು ಆಡಬೇಕಾದ ವೇಳೆಯಲ್ಲಿ ಆಡದೆ ಒಳಗೇ ಉಳಿಸಿಕೊಳ್ಳುವ ಮಾತು.

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯ ಆಚೀಚೆಯ ಹಳ್ಳಿಗಳ ಜನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಕೆಲವು ವರ್ಷಗಳ ಹಿಂದೆ, ಗರ್ಭಿಣಿಯರ ತಪಾಸಣೆಯ ದಿನ, ಇಪ್ಪತ್ತನಾಲ್ಕು ವರ್ಷದ ಒಬ್ಬ ಹೆಣ್ಣುಮಗಳು ಗಂಡ ಮತ್ತು ಅತ್ತೆಯೊಡನೆ ಬಂದಳು. ಐದು ವರ್ಷಗಳಲ್ಲಿ ಅದು ಮೂರನೆಯ ಬಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7 ಗ್ರಾಂಗಿಂತ ಸ್ವಲ್ಪವೇ ಮೇಲಿತ್ತು. ಗರ್ಭಿಣಿಯಲ್ಲಿ ಅದು ಕನಿಷ್ಠ 11 ಗ್ರಾಂ ಇರಬೇಕು. ರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನಾನು ಗಂಡನತ್ತ ತಿರುಗಿ, "ಏನಪ್ಪ, ಎರಡನೆಯದಾದ ಮೇಲೆ ಮೂರು ವರ್ಷವಾದರೂ ತಡೆಯಬಾರದಾಗಿತ್ತೆ?" ಎಂದು ಕೇಳಿದೆ. ಆತ ತನ್ನ ತಾಯಿಯ ಮುಖ ನೋಡಿದ. ಆಕೆ, "ಅವನನ್ನೇನು ಕೇಳ್ತೀರಾ ಸಾರ್, ಎರಡೂ ಹೆಣ್ಣಾಯ್ತಲ್ಲ, ಒಂದು ಗಂಡಾಗ್ಲಿ ಅಂತ" ಎಂದರು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುವುದೇ ಹೊರತು ತಾಯಿಯಿಂದಲ್ಲ ಎಂಬುದನ್ನು ನಾನು ವಿವರಿಸಿದೆ. ಆತ ತಲೆ ತಗ್ಗಿಸಿ "ಹೂಂ" ಎಂದ. ಅಷ್ಟರಲ್ಲಿ ಒಳಗೆ ಆ ಹೆಣ್ಣುಮಗಳು ನಮ್ಮ ಆರೋಗ್ಯ ಸಹಾಯಕಿಯ ಬಳಿ, ತನಗೆ ಎರಡೇ ಸಾಕಾಗಿತ್ತೆಂದು ಪಿಸುಮಾತಿನಲ್ಲಿ ಹೇಳಿದ್ದಳಂತೆ. ಸಹಾಯಕಿ ಹೊರಗೆ ಬಂದು ಅದನ್ನು ಗಂಡನಿಗೆ ತಿಳಿಸಿದರು.

ನಾಲ್ಕು ದಿನಗಳಾದ ಮೇಲೆ ಆತ ಒಬ್ಬನೇ ಬಂದ. ತಲೆನೋವೆಂದ. ರಕ್ತದೊತ್ತಡ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು, ಜ್ವರವಿರಲಿಲ್ಲ. ಮಾತ್ರೆಯ ಚೀಟಿ ಬರೆದುಕೊಟ್ಟರೂ ಎದ್ದು ಹೋಗಲಿಲ್ಲ. ಬಾಗಿಲ ಕಡೆ ನೋಡಿ ಹೇಳಿದ: "ಸಾರ್, ನನಗೂ ಎರಡೇ ಸಾಕಾಗಿತ್ತು. ಅಮ್ಮನಿಗೆ ಹೇಳಕ್ಕಾಗ್ಲಿಲ್ಲ. ಅವಳಿಗೂ ಸಾಕಾಗಿತ್ತು ಅಂತ ಮೊನ್ನೆ ಸಿಸ್ಟರ್ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು."

ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗುವ ಇಬ್ಬರ ಇಚ್ಛೆಯೂ ಒಂದೇ ಆಗಿತ್ತು. ಇಬ್ಬರೂ ಅದನ್ನು ಆಡಲಿಲ್ಲ. ಆಡದ ಆ ಒಂದು ಮಾತಿನ ಬೆಲೆಯನ್ನು ರಕ್ತವಿಲ್ಲದ ಆ ತಾಯಿ ತೆರುತ್ತಿದ್ದಳು.

ಮಂಡಿಯಲ್ಲಿರುವ ನಾಲಗೆ ಮನೆಯಲ್ಲಿ ಏಕಿಲ್ಲ?

ಗಂಡಸರಿಗೆ ಮಾತೇ ಬಾರದೆಂದು ಇದರಿಂದ ತಿಳಿಯಬಾರದು. ಮೇಲೆ ಹೇಳಿದ ಯುವಕನನ್ನೇ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ನೋಡಿದ್ದರೆ ನೀವು ಬೇರೆ ಮನುಷ್ಯನೆಂದೇ ಎಣಿಸುತ್ತಿದ್ದಿರಿ. ಆಲೂಗೆಡ್ಡೆಯ ಮೂಟೆಗೆ ಮಂಡಿಯವರು ಹೇಳಿದ ದರವನ್ನು ಒಪ್ಪದೆ, ಗಡ್ಡೆಯನ್ನು ಕೈಯಲ್ಲಿ ಹಿಡಿದು ತೋರಿಸಿ, ತೂಕದಲ್ಲಿ ಕಳೆದದ್ದನ್ನು ಲೆಕ್ಕ ಹಾಕಿ ಮರಳಿ ಕೇಳುವಷ್ಟು ಮಾತು ಆತನಲ್ಲಿದೆ. ಹಾಲಿನ ಸಂಘದಲ್ಲಿ ಕೊಬ್ಬಿನ ಅಂಶ ಕಡಿಮೆ ಬಂದಿತೆಂದರೆ ಮತ್ತೊಮ್ಮೆ ಪರೀಕ್ಷಿಸಿರೆಂದು ಕೇಳುವ ಧೈರ್ಯವೂ ಇದೆ. ಹೊರಗೆ ಇರುವ ಈ ನಾಲಗೆ ಹೊಸ್ತಿಲು ದಾಟಿ ಒಳಗೆ ಬಂದೊಡನೆ ಏಕೆ ಕಟ್ಟಿಹೋಗುತ್ತದೆ?

ಮಂಡಿಯಲ್ಲಿ ಏನನ್ನು ಕೇಳಬೇಕು, ಎಷ್ಟಕ್ಕೆ ಒಪ್ಪಬೇಕು ಎಂಬುದನ್ನು ಆತನಿಗೆ ಆತನ ತಂದೆ ಕಲಿಸಿದ್ದಾರೆ. ಅಲ್ಲಿ ಬೇಡವೆಂದರೆ ಸಂಬಂಧ ಮುರಿಯುವುದಿಲ್ಲ. ನಾಳೆ ಮತ್ತೆ ಅದೇ ಮಂಡಿಗೆ ಹೋಗಬಹುದು. ಮನೆಯಲ್ಲಿ ಬೇಡವೆಂದರೆ ತಾಯಿಯ ಮನಸ್ಸು ನೋಯುತ್ತದೆ, ಅಣ್ಣ ಮಾತು ಬಿಡುತ್ತಾನೆ, ಹೆಂಡತಿಯ ಮಾತು ಕೇಳುವವನೆಂದು ನೆಂಟರು ನಗುತ್ತಾರೆ ಎಂಬ ಭಯ. ಚಿಕ್ಕಂದಿನಲ್ಲಿ ಹಿರಿಯರಿಗೆ ಎದುರಾಡಬಾರದೆಂದು ಕಲಿಸಿದ್ದೂ ಸರಿಯೇ. ಆದರೆ ಎದುರಾಡುವುದಕ್ಕೂ ತನ್ನ ಮನಸ್ಸಿನಲ್ಲಿರುವುದನ್ನು ತಿಳಿಸುವುದಕ್ಕೂ ಇರುವ ಭೇದವನ್ನು ಯಾರೂ ಕಲಿಸಲಿಲ್ಲ. ಗಂಡು ಹುಡುಗ ಅತ್ತರೆ 'ಹೆಂಗಸಿನ ಹಾಗೆ ಅಳಬೇಡ' ಎನ್ನುತ್ತೇವೆ. ಹೆದರಿದೆನೆಂದು ಹೇಳಿದರೆ ಗೇಲಿ ಮಾಡುತ್ತೇವೆ. ಹೀಗೆ ಬೆಳೆದವನಿಗೆ ಗೊತ್ತಿರುವ ಭಾವನೆಯ ಭಾಷೆ ಎಂದರೆ ಕೋಪವೊಂದೇ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನಮ್ಮ ಕಡೆಯ ರೈತರೆಲ್ಲರೂ ಬಲ್ಲರು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ವ್ಯಾಪಾರಕ್ಕೆ ಅದು ಒಳ್ಳೆಯ ಪದ್ಧತಿಯೇ ಇರಬಹುದು, ಏಕೆಂದರೆ ಬೆರಳಿನ ಅರ್ಥ ಇಬ್ಬರಿಗೂ ಗೊತ್ತಿರುತ್ತದೆ. ಮನೆಯಲ್ಲಿಯೂ ನಾವು ಟವೆಲ್ಲಿನ ಕೆಳಗೇ ಸಂಸಾರ ನಡೆಸುತ್ತೇವೆ. ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟರೆ ಅದೊಂದು ಅರ್ಥ, ಊಟ ಬೇಡವೆಂದು ಎದ್ದರೆ ಇನ್ನೊಂದು, ರಾತ್ರಿ ತಡವಾಗಿ ಬಂದರೆ ಮತ್ತೊಂದು. ಆದರೆ ಈ ಬೆರಳುಗಳ ಲೆಕ್ಕ ಹೆಂಡತಿಗೆ ತಿಳಿದಿರುವುದಿಲ್ಲ. ಹೇಳದೆಯೇ ತಿಳಿದುಕೊಳ್ಳಲಿ ಎಂದು ಗಂಡ, ಕೇಳಿದರೆ ಸಿಡುಕುತ್ತಾನೆಂದು ಹೆಂಡತಿ.

'ನೋಡೋಣ' ಎಂಬ ಉತ್ತರ

ನಮ್ಮ ಸೀಮೆಯ ಗಂಡಸರು ಅತ್ಯಂತ ಹೆಚ್ಚಾಗಿ ಬಳಸುವ ಪದ ಯಾವುದೆಂದು ಕೇಳಿದರೆ 'ನೋಡೋಣ' ಎಂದು ನಾನು ಹೇಳುತ್ತೇನೆ. ಸಾಲ ಕೇಳಿದವನಿಗೂ ನೋಡೋಣ, ಮಗಳನ್ನು ಕಾಲೇಜಿಗೆ ಸೇರಿಸುವುದಕ್ಕೂ ನೋಡೋಣ, ವಂಕಿ ಹಾಕಿಸಿಕೊಳ್ಳಲೇ ಎಂದು ಹೆಂಡತಿ ಕೇಳಿದರೂ ನೋಡೋಣ. ಈ ಪದದಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಆಡಿದವನು ಬೇಡವೆಂದು ಸೂಚಿಸಿದೆನೆಂದು ನೆಮ್ಮದಿಯಾಗಿ ಮಲಗುತ್ತಾನೆ. ಕೇಳಿದವನು ಆಗಲೆಂದರು ಎಂದೇ ತಿಳಿದು ಮುಂದಿನ ಕೆಲಸಕ್ಕೆ ಹೊರಡುತ್ತಾನೆ. ಇದರ ತಮ್ಮಂದಿರು 'ಆಯ್ತು ಬಿಡು' ಮತ್ತು 'ಹೂಂ'.

ನಾನೂ ಇದಕ್ಕೆ ಹೊರತಲ್ಲ. ವೈದ್ಯಕೀಯ ಪದವಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ತಂದೆಯವರಿಗೆ ನಾನು ಸ್ವಂತ ನರ್ಸಿಂಗ್ ಹೋಮ್ ತೆರೆಯಬೇಕೆಂಬ ಆಸೆಯಿತ್ತು. ನನಗೆ ಸಾಲ ಬೇಡವಾಗಿತ್ತು. ಪ್ರತಿ ಹಬ್ಬಕ್ಕೆ ಊರಿಗೆ ಹೋದಾಗಲೂ ಅವರು ಕೇಳುತ್ತಿದ್ದರು, ನಾನು 'ನೋಡೋಣಪ್ಪ' ಎನ್ನುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಒಂದು ಯುಗಾದಿಗೆ ಹೋದಾಗ ಅವರು ನಿವೇಶನವೊಂದಕ್ಕೆ ಮುಂಗಡ ಕೊಟ್ಟು ಬಂದಿದ್ದರು. ಆ ಹಣ ಹಿಂದಕ್ಕೆ ಬರಲಿಲ್ಲ. "ನೀನು ಬೇಡ ಅಂತ ಒಂದು ದಿನವೂ ಅನ್ನಲಿಲ್ಲವಲ್ಲೋ" ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರನ್ನು ನೋಯಿಸಬಾರದೆಂದೇ ನಾನು ಸುಮ್ಮನಿದ್ದುದು.

ಮಾತಾಗದ್ದು ರೋಗವಾಗುತ್ತದೆ

ಒಳಗೆ ಉಳಿದ ಮಾತು ಅಲ್ಲಿಯೇ ಕರಗಿಹೋಗುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಕುಳಿತ ವೈದ್ಯನಿಗೆ ಇದು ದಿನನಿತ್ಯದ ಅನುಭವ. ಎದೆಯಲ್ಲಿ ಭಾರ, ಹೊಟ್ಟೆಯಲ್ಲಿ ಉರಿ, ಮೈಯೆಲ್ಲ ಜುಮ್ಮೆನ್ನುವುದು, ನಿದ್ರೆ ಬಾರದಿರುವುದು, ನರಗಳ ಬಲಹೀನತೆ ಎಂದು ಹೇಳಿಕೊಂಡು ಬರುವ ಗಂಡಸರಲ್ಲಿ ಕೆಲವರಿಗೆ ನಿಜವಾಗಿಯೂ ಹೃದಯದ ಅಥವಾ ಸಕ್ಕರೆಯ ಕಾಯಿಲೆ ಇರುತ್ತದೆ. ಆದುದರಿಂದ ಪರೀಕ್ಷೆ ಮಾಡಿಸದೆ ಯಾವುದನ್ನೂ ಮನಸ್ಸಿನ ಕಾಯಿಲೆಯೆಂದು ತಳ್ಳಿಹಾಕತಕ್ಕದ್ದಲ್ಲ. ಆದರೆ ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದು ತೊಂದರೆ ಮಾತ್ರ ತಿಂಗಳುಗಟ್ಟಲೆ ಉಳಿದಿದ್ದರೆ, "ಮನೆಯಲ್ಲಿ ಹೇಗಿದೆ?" ಎಂಬ ಒಂದು ಪ್ರಶ್ನೆ ಬಹಳ ಸಲ ಎಕ್ಸ್‌ರೇಗಿಂತ ಹೆಚ್ಚು ತೋರಿಸುತ್ತದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಉತ್ತರ ಭಾಗದ ಹಳ್ಳಿಗಳಲ್ಲಿ ಹೊಲದ ಬೆಲೆ ಏರಿತು. ದ್ರಾಕ್ಷಿ ತೋಟವಿದ್ದೆಡೆ ಬಡಾವಣೆಗಳೆದ್ದವು. ಅಣ್ಣ ತಂದ ಕಾಗದಕ್ಕೆ ರುಜು ಹಾಕಿ, ಬಂದ ಹಣದಲ್ಲಿ ಒಂದು ಪಾಲನ್ನು ಕೇಳಿದವರಿಗೆಲ್ಲ ಕೊಟ್ಟು, ಉಳಿದದ್ದು ಎಲ್ಲಿ ಹೋಯಿತೆಂದು ಹೆಂಡತಿಗೆ ಹೇಳಲಾರದೆ ಒದ್ದಾಡುವವರನ್ನು ನಾನು ಕಂಡಿದ್ದೇನೆ. ಹೊಲ ಮಾರಿದ ಸುದ್ದಿ ಆಕೆಗೆ ಪಕ್ಕದ ಮನೆಯವರಿಂದ ತಿಳಿಯುತ್ತದೆ. ಆಗ ಆಕೆ ಕೇಳುತ್ತಾಳೆ. ಆತ ಕೂಗುತ್ತಾನೆ, ಅಥವಾ ಎದ್ದು ಮದ್ಯದಂಗಡಿಗೆ ಹೋಗುತ್ತಾನೆ. ಕುಡಿದ ಮೇಲೆ ಮಾತು ಸುಲಭವಾಗಿ ಬರುತ್ತದೆಂದು ಗಂಡಸರು ನನ್ನೊಡನೆ ಹೇಳಿದ್ದುಂಟು. ಬರುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಬರುವುದು ಹೇಳಬೇಕಾದ ಮಾತಲ್ಲ, ಮತ್ತು ಮರುದಿನ ಬೆಳಗ್ಗೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅದು ನೆನಪಿರುತ್ತದೆ.

ಇದು ಲಘುವಾದ ಸಂಗತಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿಅಂಶಗಳ ಪ್ರಕಾರ ಆ ವರ್ಷ ನಮ್ಮ ದೇಶದಲ್ಲಿ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಮೃತರಾದರು. ಅವರಲ್ಲಿ ಪ್ರತಿ ಹತ್ತು ಮಂದಿಗೆ ಏಳು ಮಂದಿ ಗಂಡಸರು. ಕಾರಣಗಳು ಹಲವು, ಅವನ್ನೆಲ್ಲ ಒಂದೇ ಎಳೆಗೆ ಕಟ್ಟಲಾಗದು. ಆದರೂ, ಸಂಕಟವನ್ನು ಹೇಳಿಕೊಳ್ಳುವುದು ಗಂಡಸುತನಕ್ಕೆ ಕುಂದು ಎಂದು ನಂಬಿದವನು ಸಹಾಯ ಕೇಳುವುದರಲ್ಲಿ ತಡಮಾಡುತ್ತಾನೆಂಬುದು ವೈದ್ಯರೆಲ್ಲರ ಅನುಭವ. ಅಂತಹ ಯೋಚನೆ ಮನಸ್ಸಿಗೆ ಬಂದವರು, ಅಥವಾ ಮನೆಯವರಲ್ಲಿ ಅಂತಹ ಲಕ್ಷಣ ಕಂಡವರು, 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ನೇರವಾದ ಮಾತೆಂದರೇನು?

ಮನಸ್ಸಿನಲ್ಲಿರುವುದನ್ನು ಅಂಜದೆ, ಆದರೆ ಎದುರಿನವರನ್ನು ಹೀನೈಸದೆ ಹೇಳುವುದೇ ನೇರವಾದ ಮಾತು. ಇದು ಹುಟ್ಟುಗುಣವಲ್ಲ, ಕಲಿತರೆ ಬರುವ ವಿದ್ಯೆ ಎಂಬುದನ್ನು ಮನೋವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಅಮೆರಿಕದ ಆಂಡ್ರ್ಯೂ ಸಾಲ್ಟರ್ 1949ರಲ್ಲಿ, ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ 1958ರಲ್ಲಿ ಈ ವಿಷಯವಾಗಿ ಗ್ರಂಥಗಳನ್ನು ಬರೆದರು. ಭಯ ಮತ್ತು ಸಂಕೋಚದಿಂದ ಬಳಲುವವರಿಗೆ ಔಷಧಿಯಂತೆ ಈ ಅಭ್ಯಾಸವನ್ನು ಮಾಡಿಸುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿಯೇ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದ ಆಸ್ಪತ್ರೆಯಲ್ಲಿ ದಂಪತಿಗಳಿಗೂ ಕುಟುಂಬದವರಿಗೂ ಸಲಹೆ ದೊರೆಯುತ್ತದೆ. ಆ ಸಂಸ್ಥೆಯಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸರಳ ಕನ್ನಡದಲ್ಲಿ ಬರೆದಿರುವ ಪುಸ್ತಕಗಳನ್ನು ನೀವು ನೋಡಿರಬಹುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಭಾವಮೈದುನ ಬಂದು, ತನ್ನ ಸಾಲಕ್ಕೆ ಜಾಮೀನು ರುಜು ಹಾಕೆಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ನಿಮಗೆ ಇಷ್ಟವಿಲ್ಲ. ಮೊದಲನೆಯ ವಿಧ: 'ನೋಡೋಣ' ಎನ್ನುವುದು, ಮೂರನೆಯ ಸಲ ಬಂದಾಗ ರುಜು ಹಾಕುವುದು, ಆ ಕೋಪವನ್ನು ಆತನ ಅಕ್ಕನ ಮೇಲೆ, ಎಂದರೆ ನಿಮ್ಮ ಹೆಂಡತಿಯ ಮೇಲೆ, ವರ್ಷವಿಡೀ ತೀರಿಸಿಕೊಳ್ಳುವುದು. ಎರಡನೆಯ ವಿಧ: "ನಿನ್ನ ಯೋಗ್ಯತೆ ನನಗೆ ಗೊತ್ತಿಲ್ಲವೇ, ನಿಮ್ಮ ಮನೆಯವರದ್ದೆಲ್ಲ ಇದೇ ಬಾಳು" ಎಂದು ಕೂಗಿ ಕಳುಹಿಸುವುದು. ಇದರಿಂದ ರುಜು ತಪ್ಪುತ್ತದೆ, ನೆಂಟಸ್ತಿಕೆಯೂ ತಪ್ಪುತ್ತದೆ. ಮೂರನೆಯದು: "ಬಾಪ್ಪ, ಕೂತ್ಕೋ. ನಿನಗೆ ಹಣದ ಅಡಚಣೆ ಇದೆ ಅಂತ ನನಗೆ ಗೊತ್ತು. ಆದರೆ ನಾನು ಯಾರ ಸಾಲಕ್ಕೂ ಜಾಮೀನು ಹಾಕೋದಿಲ್ಲ. ಕಾಫಿ ಕುಡಿ. ಬೇರೆ ಏನಾದರೂ ದಾರಿ ಇದೆಯಾ ಅಂತ ಕೂತು ಯೋಚನೆ ಮಾಡೋಣ" ಎನ್ನುವುದು. ಇಲ್ಲಿ ಬೇಡವೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಬಂದಿದೆ. ಬಂದವನ ಮರ್ಯಾದೆಗೆ ಕುಂದು ಬಂದಿಲ್ಲ. ಸುಳ್ಳು ನೆಪವೂ ಇಲ್ಲ. ನೆಪ ಹೇಳಿದರೆ ನೆಪವನ್ನು ನಿವಾರಿಸಿಕೊಂಡು ಮತ್ತೆ ಬರುತ್ತಾರೆ; ಆದುದರಿಂದ ಕಾರಣಗಳ ಸರಮಾಲೆ ಬೇಡ, ಒಂದು ಸಾಕು.

ಸುಮ್ಮನಿರುವವನೂ ಕೂಗಾಡುವವನೂ ಪರಸ್ಪರ ವಿರುದ್ಧ ಸ್ವಭಾವದವರೆಂದು ಜನ ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಹುಮಟ್ಟಿಗೆ ಇಬ್ಬರೂ ಒಬ್ಬನೇ. ಹನ್ನೊಂದು ಸಲ ನುಂಗಿಕೊಂಡವನು ಹನ್ನೆರಡನೆಯ ಸಲ ಸಿಡಿಯುತ್ತಾನೆ, ಸಿಡಿದದ್ದಕ್ಕೆ ನಾಚಿ ಮತ್ತೆ ಹನ್ನೊಂದು ಸಲ ನುಂಗುತ್ತಾನೆ. ಮನೆಯವರಿಗೆ ಕಾಣುವುದು ಆ ಹನ್ನೆರಡನೆಯದು ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನೇರವಾದ ಮಾತೆಂದರೆ ಹೆಂಡತಿಯ ಮೇಲೆ ಅಧಿಕಾರ ಚಲಾಯಿಸುವುದೆಂದು ಕೆಲವರು ಅಪಾರ್ಥ ಮಾಡಿಕೊಳ್ಳುತ್ತಾರೆ. ಆಜ್ಞೆ ಮಾಡುವುದಕ್ಕೆ ಯಾವ ವಿದ್ಯೆಯೂ ಬೇಡ. ನಿಮ್ಮ ಇಚ್ಛೆಯನ್ನು ಹೇಳುವ ಹಕ್ಕು ನಿಮಗೆ ಎಷ್ಟಿದೆಯೋ, ಬೇಡವೆನ್ನುವ ಹಕ್ಕು ಆಕೆಗೂ ಅಷ್ಟೇ ಇದೆ. ಹಾಸಿಗೆಯ ವಿಷಯದಲ್ಲಿಯೂ ಇದೆ. ಕೈ ಎತ್ತುವುದು ಮಾತಿನ ಕೊರತೆಯೆಂದು ಕ್ಷಮಿಸಬಹುದಾದ ಸಂಗತಿಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ನೊಂದ ಮಹಿಳೆಗೆ ರಕ್ಷಣೆಯಿದೆ; 181 ಸಂಖ್ಯೆಯ ಮಹಿಳಾ ಸಹಾಯವಾಣಿಗೆ ಆಕೆ ಕರೆ ಮಾಡಬಹುದು.

ಗಂಡಸರ ಶಸ್ತ್ರಚಿಕಿತ್ಸೆಯ ವಿಷಯ

ಗಂಡಸರ ಮೌನದಿಂದ ಹೆಂಗಸರಿಗೆ ಬರುವ ಹೊರೆ ಎಷ್ಟೆಂಬುದನ್ನು ತಿಳಿಯಬೇಕಾದರೆ ಸಂತಾನ ನಿಯಂತ್ರಣದ ಲೆಕ್ಕವನ್ನು ನೋಡಿದರೆ ಸಾಕು. ಈ ಕಾರ್ಯದಲ್ಲಿ ನಮ್ಮ ನಾಡು ಹಿಂದುಳಿದುದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಒಂದು ಸರ್ಕಾರ ಇಂತಹ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಮೊದಲೆಂದು ಹೇಳುತ್ತಾರೆ. 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆಗಿನ ದಶಕಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಗಂಡಸರೂ ದೊಡ್ಡ ಸಂಖ್ಯೆಯಲ್ಲಿ ಮುಂದೆ ಬರುತ್ತಿದ್ದರು.

ಆಮೇಲೆ 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ಕಾಲ ಬಂದಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರದ್ದು. ಹಲವೆಡೆ ಗುರಿ ಮುಟ್ಟಿಸಲು ಬಲವಂತ ನಡೆಯಿತು. ಬೇಡವೆನ್ನಲು ಅವಕಾಶವಿಲ್ಲದೆ ಮಾಡಿದ ಕೆಲಸದ ಭಯ ತಂದೆಯಿಂದ ಮಗನಿಗೆ ಇಳಿದು ಬಂದಿದೆ. 1977ರಲ್ಲಿ 'ಕುಟುಂಬ ಯೋಜನೆ' ಎಂಬ ಹೆಸರು 'ಕುಟುಂಬ ಕಲ್ಯಾಣ' ಎಂದಾಯಿತು. ಆದರೆ ಗಂಡಸರು ಹಿಂದಿರುಗಿ ಬರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡನೇ ಮಾಡಿಸಿಕೊಂಡಿದ್ದ ದಂಪತಿಗಳು ನೂರಕ್ಕೆ ಒಬ್ಬರೂ ಇರಲಿಲ್ಲ.

ವೈದ್ಯಕೀಯವಾಗಿ ನೋಡಿದರೆ ಇದು ತಲೆಕೆಳಗಾದ ಲೆಕ್ಕ. ಹೆಂಗಸಿನ ಶಸ್ತ್ರಚಿಕಿತ್ಸೆಗೆ ಹೊಟ್ಟೆಯನ್ನು ತೆರೆಯಬೇಕು. ಗಂಡಸಿನದು ಚರ್ಮದ ಕೆಳಗೇ ಇರುವ ವೀರ್ಯವಾಹಕ ನಾಳದ ಕೆಲಸ. ಚೀನಾದ ಡಾ. ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ, ಚಾಕು ಮುಟ್ಟಿಸದ ವಿಧಾನ ಈಗ ನಮ್ಮಲ್ಲಿಯೂ ಬಳಕೆಯಲ್ಲಿದೆ, ಇದನ್ನು ಎನ್.ಎಸ್.ವಿ. ಎನ್ನುತ್ತಾರೆ. ಆ ಭಾಗವನ್ನು ಮಾತ್ರ ಮರಗಟ್ಟಿಸಿ, ಸಣ್ಣದೊಂದು ರಂಧ್ರದ ಮೂಲಕ ನಾಳವನ್ನು ಹೊರತೆಗೆದು ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆ ಬೇಕಾಗುವುದಿಲ್ಲ. ಅಂದೇ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ. ಭಾರ ಎತ್ತುವುದನ್ನೂ ಸೈಕಲ್ ತುಳಿಯುವುದನ್ನೂ ಒಂದು ವಾರ ಬಿಡಬೇಕು. ಪುರುಷತ್ವಕ್ಕಾಗಲಿ, ದಾಂಪತ್ಯ ಸುಖಕ್ಕಾಗಲಿ, ನೇಗಿಲು ಹಿಡಿಯುವ ಶಕ್ತಿಗಾಗಲಿ ಕೊರತೆಯಾಗುವುದಿಲ್ಲ. ಗಂಡಸಿನ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆಯೇ ಹೊರತು ಆ ನಾಳದ ಮೂಲಕ ಹೋಗುವುದಿಲ್ಲ. ಒಂದು ಮಾತನ್ನು ಮಾತ್ರ ಮರೆಯಬಾರದು: ನಾಳದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಕಾಲ ಬೇಕು. ಮೂರು ತಿಂಗಳು ನಿರೋಧ್ ಅಥವಾ ಬೇರೊಂದು ವಿಧಾನವನ್ನು ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ಖಚಿತವಾದ ಮೇಲೆಯೇ ನಿಶ್ಚಿಂತೆ. ಇದನ್ನು ಶಾಶ್ವತ ವಿಧಾನವೆಂದೇ ಎಣಿಸಬೇಕು; ಇನ್ನೊಂದು ಮಗುವಿನ ಯೋಚನೆ ಇರುವವರು ವಂಕಿ, ನಿರೋಧ್ ಮುಂತಾದ ತಾತ್ಕಾಲಿಕ ವಿಧಾನಗಳನ್ನು ಅನುಸರಿಸಬೇಕು.

ಇದಕ್ಕೆ ಬೇಕಾದುದು ಮಾಡಿಸಿಕೊಳ್ಳುವವನ ಸ್ವಂತ ಒಪ್ಪಿಗೆ. ತಾಯಿಯದ್ದಾಗಲಿ, ಅಣ್ಣನದ್ದಾಗಲಿ, ಊರ ಹಿರಿಯರದ್ದಾಗಲಿ ರುಜು ಬೇಡ. ಬೇಡವೆಂದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿಂದಲೂ ಎದ್ದು ಬರಬಹುದು, ಯಾರೂ ಏನೂ ಅನ್ನತಕ್ಕದ್ದಲ್ಲ.

ಅಭ್ಯಾಸ ಮಾಡುವ ಬಗೆ

ತಲೆನೋವೆಂದು ಬಂದಿದ್ದ ಯುವಕನಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ಹೆಂಡತಿಯೊಡನೆ ಮಾತನಾಡು. ಎದುರುಬದುರು ಕುಳಿತು ಕಣ್ಣಿಗೆ ಕಣ್ಣಿಟ್ಟು ಮಾತನಾಡುವುದು ಕಷ್ಟವಾದರೆ, ಕೈಯಲ್ಲಿ ಕೆಲಸವಿರುವಾಗ ಮಾತನಾಡು. ಹಸುವಿಗೆ ಹುಲ್ಲು ಹಾಕುವಾಗ, ಅವರೆಕಾಯಿ ಬಿಡಿಸುವಾಗ, ಹೊಲದ ಬದುವಿನ ಮೇಲೆ ನಡೆಯುವಾಗ ಗಂಡಸಿನ ಬಾಯಿ ಸುಲಭವಾಗಿ ಬಿಡುತ್ತದೆಂಬುದನ್ನು ನಾನು ಕಂಡಿದ್ದೇನೆ. ಮಾತನ್ನು 'ನೀನು' ಎಂದು ಆರಂಭಿಸಬೇಡ, 'ನನಗೆ' ಎಂದು ಆರಂಭಿಸು. 'ನೀನು ಯಾವಾಗಲೂ ಅಮ್ಮನ ಮೇಲೆ ದೂರು ಹೇಳ್ತೀಯ' ಎಂದರೆ ಜಗಳ ಹುಟ್ಟುತ್ತದೆ. 'ನನಗೆ ಇಬ್ಬರ ನಡುವೆ ಸಿಕ್ಕಿಕೊಂಡ ಹಾಗಾಗುತ್ತೆ' ಎಂದರೆ ಆಕೆ ಕೇಳುತ್ತಾಳೆ. ಒಂದು ಸಲಕ್ಕೆ ಒಂದೇ ವಿಷಯ. ಮದುವೆಯಲ್ಲಿ ಉಡುಗೊರೆ ಕಡಿಮೆಯಾದುದನ್ನು ಹೆರಿಗೆಯ ವಿಷಯಕ್ಕೆ ಬೆರೆಸಬೇಡ. ಹೇಳಲು ಆಗದಿದ್ದರೆ, ಆಗುವುದಿಲ್ಲವೆಂಬುದನ್ನೇ ಹೇಳು: 'ಈಗ ತಲೆ ಬಿಸಿಯಾಗಿದೆ, ರಾತ್ರಿ ಊಟ ಆದ ಮೇಲೆ ಮಾತಾಡ್ತೀನಿ.' ಆದರೆ ರಾತ್ರಿ ಮಾತನಾಡಲೇಬೇಕು. ಇಲ್ಲವಾದರೆ ಅದೂ ಒಂದು 'ನೋಡೋಣ' ಆಗಿಬಿಡುತ್ತದೆ.

ತಾಯಿಯೊಡನೆ ಆಡುವ ಮಾತನ್ನು ಆತ ನನ್ನ ಕೊಠಡಿಯಲ್ಲಿಯೇ ಅಭ್ಯಾಸ ಮಾಡಿದ. ಆರೋಗ್ಯ ಸಹಾಯಕಿಯವರು ತಾಯಿಯ ಪಾತ್ರ ವಹಿಸಿದರು, ತುಸು ಹೆಚ್ಚೇ ಚೆನ್ನಾಗಿ ವಹಿಸಿದರೆಂದು ಹೇಳಬೇಕು. ಮೊದಲನೆಯ ಸಲ ಆತನ ಬಾಯಿಂದ "ಅಮ್ಮ" ಎಂಬುದರ ಹೊರತು ಏನೂ ಹೊರಡಲಿಲ್ಲ. ಎರಡನೆಯ ಸಲ, "ಡಾಕ್ಟ್ರು ಬೇಡ ಅಂದ್ರು" ಎಂದ. ನಾನು ತಡೆದೆ. ಡಾಕ್ಟರ ಹೆಸರು ಹೇಳಿ ತಪ್ಪಿಸಿಕೊಂಡರೆ ನಾಳೆ ಇನ್ನೊಬ್ಬ ಡಾಕ್ಟರನ್ನು ಕೇಳೋಣವೆನ್ನುತ್ತಾರೆ. ಐದಾರು ಸಲವಾದ ಮೇಲೆ ಮಾತು ಹೀಗೆ ನಿಂತಿತು: "ಅಮ್ಮ, ನಿನಗೆ ಮೊಮ್ಮಗ ಬೇಕು ಅನ್ನೋ ಆಸೆ ನನಗೆ ಗೊತ್ತು. ಆದರೆ ಇವಳ ಮೈಯಲ್ಲಿ ರಕ್ತ ಇಲ್ಲ. ಈ ಮಗು ಹೆಣ್ಣೇ ಆಗಲಿ ಗಂಡೇ ಆಗಲಿ, ಇದೇ ಕೊನೆ. ಇದು ನನ್ನ ತೀರ್ಮಾನ, ಅವಳದ್ದಲ್ಲ."

ಕೊನೆಯ ವಾಕ್ಯವನ್ನು ಸೇರಿಸಿದವರು ನಮ್ಮ ಸಹಾಯಕಿ. ಹಾಗೆ ಹೇಳದಿದ್ದರೆ ಬೈಗಳು ಸೊಸೆಯ ತಲೆಗೆ ಬರುತ್ತವೆಂಬುದು ಅವರಿಗೆ ಗೊತ್ತಿತ್ತು. ತೀರ್ಮಾನ ಇಬ್ಬರದ್ದೂ ಆಗಿತ್ತೆಂಬುದು ನಿಜ. ಆದರೂ ಅಂತಹ ಮನೆಯಲ್ಲಿ ಮಗನೇ ಮುಂದೆ ನಿಲ್ಲುವುದು ಉಚಿತವೆಂದು ನನಗೂ ತೋರಿತು.

ಗೃಹಿಣಿಯರಿಗೂ ಇಲ್ಲಿ ಒಂದೆರಡು ಮಾತು. ಹತ್ತು ವರ್ಷ ಸುಮ್ಮನಿದ್ದ ಗಂಡ ಒಂದು ದಿನ ತಡವರಿಸುತ್ತಾ ಮಾತು ತೆಗೆದರೆ, "ಇವತ್ತೇನು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ" ಎಂದು ನಗಬೇಡಿ. ನಗುವುದಕ್ಕೆ ನಿಮಗೆ ಕಾರಣವಿರಬಹುದು, ಆದರೆ ಆ ಬಾಗಿಲು ಮತ್ತೆ ತೆರೆಯಲು ಇನ್ನೂ ಹತ್ತು ವರ್ಷ ಹಿಡಿದೀತು. ಆತ ನಿಮ್ಮಲ್ಲಿ ಹೇಳಿಕೊಂಡ ಹೆದರಿಕೆಯನ್ನು ತವರಿನಲ್ಲಾಗಲಿ ನಾದಿನಿಯ ಎದುರಿಗಾಗಲಿ ಎತ್ತಬೇಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ಹಿರಿಯರು ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ಬಹಳ ಮನೆಗಳಲ್ಲಿ ಜಗಳ ಉಂಡ ಮೇಲೂ ಮುಗಿದಿರುವುದಿಲ್ಲ, ಮಲಗಿರುತ್ತದೆ ಅಷ್ಟೆ.

ಆ ಹೆಣ್ಣುಮಗಳಿಗೆ ಕಬ್ಬಿಣಾಂಶದ ಚಿಕಿತ್ಸೆಯನ್ನು ಆರಂಭಿಸಿ, ಹೆರಿಗೆಗೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಹೆರಿಗೆಯ ವೇಳೆ ರಕ್ತ ಕೊಡಬೇಕಾಯಿತು. ಎರಡು ದಿನ ನಮಗೂ ಆತಂಕವಿತ್ತು. ತಾಯಿ ಮಗು ಉಳಿದವು. ಮೂರನೆಯದೂ ಹೆಣ್ಣು. ಆ ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಮಗ ತಾನು ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದನಂತೆ. ಆಕೆ ಹದಿನೈದು ದಿನ ಮಗನೊಡನೆ ಮಾತು ಬಿಟ್ಟರು. ಆತ ಇದನ್ನು ಹೇಳುವಾಗ, "ಹದಿನಾರನೇ ದಿನ ಮುದ್ದೆ ಬಡಿಸಿದ್ರು ಸಾರ್" ಎಂದ.

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಶಸ್ತ್ರಚಿಕಿತ್ಸೆಯ ಪಾಕ್ಷಿಕ ನಡೆಯುತ್ತದೆ. ಮರುವರ್ಷದ ಪಾಕ್ಷಿಕದಲ್ಲಿ ಆತ ಬಂದ. ನಮ್ಮ ಕೇಂದ್ರದ ವ್ಯಾಪ್ತಿಯಿಂದ ಬಂದವನು ಆತ ಒಬ್ಬನೇ. ಜೊತೆಯಲ್ಲಿ ಹೆಂಡತಿ, ಕಂಕುಳಲ್ಲಿ ಮಗು, ಹಿಂದೆ ಊಟದ ಕ್ಯಾರಿಯರ್ ಹಿಡಿದ ತಾಯಿ. ಒಂದು ವಾರ ಭಾರ ಎತ್ತಬಾರದೆಂದು ನಾನು ಹೇಳಿದಾಗ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: ಹಾಲಿನ ಕ್ಯಾನನ್ನು ಸಂಘಕ್ಕೆ ಯಾರು ಹೊರುವುದು? ಅದಕ್ಕೆ ಪಕ್ಕದ ಮನೆಯ ಹುಡುಗ ಒಪ್ಪಿದ್ದಾನೆಂದು ಸೊಸೆ ಉತ್ತರ ಹೇಳಿದಳು. ವೀರ್ಯ ಪರೀಕ್ಷೆಗೆ ಬರಬೇಕಾದ ದಿನಾಂಕವನ್ನು ಕಾರ್ಡಿನ ಮೇಲೆ ಬರೆದು, ಮೂರು ತಿಂಗಳಿಗೆ ಬೇಕಾಗುವ ನಿರೋಧ್ ಕೊಟ್ಟು ಕಳುಹಿಸಿದೆವು. ಗೊತ್ತಾದ ದಿನ ಬೆಳಗ್ಗೆ, ಹಾಲು ಹಾಕಿದ ಮೇಲೆ, ಆತ ಒಬ್ಬನೇ ಬಂದು ಪರೀಕ್ಷೆ ಮಾಡಿಸಿಕೊಂಡು ಹೋದ.